ಜಮಖಂಡಿಯಿಂದ ಆಕ್ಸ್‌ಫರ್ಡಿಗೆ, ಬಡೋದೆಯ ದಾರಿಯಲ್ಲಿ

ಕಳೆದ ಆಗಸ್ಟ್ ತಿಂಗಳ ಒಂದು ಭಾನುವಾರ ಅಹಮದಾಬಾದಿನ ಕನ್ನಡ ಬಂಧುಗಳು ಸೇರಿ ಮಕ್ಕಳಿಗಾಗಿ ಪ್ರತಿಭಾ ಪುರಸ್ಕಾರ ಸಮಾರಂಭವನ್ನು ಏರ್ಪಡಿಸಿದ್ದರು. ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಟಿದ್ದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದು ಕಾರ್ಯಕ್ರಮದ ಕೊನೆಯ ಭಾಗ. ಒಬ್ಬ ಹುಡುಗ ಜರ್ಮನಿಗೆ, ಯಂತ್ರಶಾಸ್ತ್ರ ಓದಲು. ಇನ್ನೊಬ್ಬ ಅಮೆರಿಕೆಗೆ, ಕಂಪ್ಯೂಟರ್ ವಿಜ್ಞಾನಕ್ಕೆ. ಮತ್ತೊಬ್ಬಳು ಕೆನಡಾಕ್ಕೆ, ವ್ಯವಹಾರ ನಿರ್ವಹಣೆಗೆ. ಪ್ರತಿಯೊಂದು ಹೆಸರಿಗೂ ಸಭಾಂಗಣ ತುಂಬ ಚಪ್ಪಾಳೆ. ಕೊನೆಗೆ ಬಂದ ಹುಡುಗಿ ತಾನು ಧರ್ಮಗಳ ಅಧ್ಯಯನದಲ್ಲಿ ಎಂ.ಎ. ಮಾಡಲು ಲಂಡನ್ನಿಗೆ ಹೋಗುತ್ತಿರುವುದಾಗಿಯೂ, ಜೈನಧರ್ಮ ತನ್ನ ವಿಶೇಷ ವಿಷಯವೆಂದೂ ಹೇಳಿದಳು. ಚಪ್ಪಾಳೆ ಒಂದು ಕ್ಷಣ ತಡವಾಯಿತು. ಆ ಬಿಡುವಿನಲ್ಲಿ ಹಿಂದಿನ ಸಾಲಿನಿಂದ ಯಾರೋ, "ದೇವರ ವಿಷಯ ಓದಲು ಲಂಡನ್ನಿಗೇಕೆ? ಮನೆಯಲ್ಲಿ ಅಜ್ಜಿ ಇರಲಿಲ್ಲವೆ?" ಎಂದರು. ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ನಕ್ಕೆ. ಆ ನಗೆಯ ಋಣವನ್ನು ತೀರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಹುಡುಗಿಯ ತಂದೆ ಮುಧೋಳದ ಕಡೆಯವರು. ನರೋಡಾದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ಊಟದ ಸಾಲಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಸಾಹೇಬರ, ನೀವರೆ ಒಂದ್ ಮಾತು ಹೇಳ್ರಿ. ಒಂದ್ ವರ್ಷ ಓದಿ ಬಂದು ಏನ್ ಮಾಡ್ತಾಳ್ರಿ ಈಕಿ? ಗುಡಿಯಾಗ ಪೂಜಾ ಮಾಡ್ತಾಳೇನು?" ಎಂದು ಕೇಳಿದರು. ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ಸಾಲಕ್ಕೆಂದು ಹೋದ ಬ್ಯಾಂಕೊಂದರಲ್ಲಿ, ಈ ಓದಿನಿಂದ ಯಾವ ನೌಕರಿ ಸಿಗುತ್ತದೆಂದು ಬರೆದುಕೊಡಿ ಎಂದು ಅರ್ಜಿಯನ್ನು ಹಿಂದಿರುಗಿಸಿದ್ದರಂತೆ. ಮೂವತ್ತು ವರ್ಷ ಸರಕಾರಿ ಕಡತಗಳ ನಡುವೆ ಬಾಳಿದ ನನ್ನ ಬಾಯಿಂದ ಕಡತದ ಉತ್ತರವೇ ಬಂತು: "ಒಂದೆರಡು ವರ್ಷ ನೌಕರಿ ಮಾಡಲಿ, ಆಮೇಲೆ ನೋಡೋಣ." ಮುಂದಕ್ಕೆ ಹಾಕುವುದೆಂದರೆ ಬೇಡವೆನ್ನುವುದರ ಸಭ್ಯ ರೂಪವೆಂಬುದು ನನಗೆ ಚೆನ್ನಾಗಿ ಗೊತ್ತು. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿದ ವರ್ಷ ಹೊರದೇಶದ ವಿಶ್ವವಿದ್ಯಾನಿಲಯವೊಂದಕ್ಕೆ ನಾನೂ ಅರ್ಜಿ ಬರೆದಿದ್ದೆ. ಅದನ್ನು ಅಂಚೆಗೆ ಹಾಕಲಿಲ್ಲ. ನೌಕರಿ ಸಿಕ್ಕಿತು, ಸೂರತ್, ವಡೋದರಾ, ಅಹಮದಾಬಾದು ಎಂದು ವರ್ಗಾವಣೆಗಳಲ್ಲಿ ಆಯುಷ್ಯದ ಬಹುಭಾಗ ಕಳೆಯಿತು. ಅದರ ಬಗೆಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ನನ್ನ ಪೆಟ್ಟಿಗೆಯಲ್ಲಿ ಉಳಿದ ಅರ್ಜಿಯನ್ನು ಇನ್ನೊಬ್ಬರ ಮಗಳಿಗೆ ಉಪದೇಶವೆಂದು ಕೊಡುವ ಅಧಿಕಾರ ನನಗೆ ಎಲ್ಲಿಂದ ಬಂತು?

ಮುಂದಿನ ವಾರ ಆ ಹುಡುಗಿ ಹಳಗನ್ನಡದ ನಿಘಂಟೊಂದನ್ನು ಕೇಳಿಕೊಂಡು ನಮ್ಮ ಮನೆಗೆ ಬಂದಳು. ಗುಜರಾತಿ ಮಾಧ್ಯಮದಲ್ಲಿ ಓದಿದವಳು, ಸಂಸ್ಕೃತದ ಪದವೀಧರೆ, ಪ್ರಾಕೃತವನ್ನು ಇಲ್ಲಿಯ ಜೈನ ವಿದ್ವಾಂಸರೊಬ್ಬರಿಂದ ಕಲಿತವಳು. ಕನ್ನಡದ ಅಕ್ಷರಗಳನ್ನು ಮಾತ್ರ ತಂದೆಯಿಂದ ಕಲಿತಿದ್ದಳು.

"ಕಾಕಾ, ನೀವು ಸೂರತ್‌ನಾಗ ಇದ್ದಾಗ ವಡೋದರಾಕ್ಕ ಎಷ್ಟ್ ಸಲ ಹೋಗಿ ಬಂದಿರಬೇಕು?"

"ಲೆಕ್ಕ ಇಲ್ಲವ್ವಾ."

"ಹಂಗಾದ್ರ ಅಂಕಲೇಶ್ವರದಾಗ ಗಾಡಿ ನಿಂತಾಗ ಒಮ್ಮೆಯಾದ್ರೂ ಇಳಿದೀರೇನು?"

ಇಳಿದಿರಲಿಲ್ಲ. ಅಂಕಲೇಶ್ವರವೆಂದರೆ ನಮಗೆ ತೈಲಬಾವಿಗಳು, ರಾಸಾಯನಿಕ ಕಾರ್ಖಾನೆಗಳು, ಅಲ್ಲಿ ದುಡಿಯುವ ನಮ್ಮವರ ಒಂದಷ್ಟು ಮನೆಗಳು. ಆಕೆ ಹೇಳಿದ್ದು ಬೇರೆಯೇ ಕಥೆ. ದಿಗಂಬರ ಪರಂಪರೆಯ ಪ್ರಕಾರ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಸೌರಾಷ್ಟ್ರದ ಗಿರಿನಾರದ ಚಂದ್ರಗುಹೆಯಲ್ಲಿ ಧರಸೇನರೆಂಬ ವೃದ್ಧ ಆಚಾರ್ಯರಿದ್ದರು. ತಾವು ಬಲ್ಲ ಆಗಮಜ್ಞಾನ ತಮ್ಮೊಡನೆಯೇ ಅಳಿದುಹೋದೀತೆಂದು ಆತಂಕಗೊಂಡು, ದಕ್ಷಿಣದ ಮುನಿಸಂಘಕ್ಕೆ ಹೇಳಿಕಳುಹಿಸಿ, ಇಬ್ಬರು ಶಿಷ್ಯರನ್ನು ಕರೆಸಿಕೊಂಡರು. ಅವರೇ ಪುಷ್ಪದಂತ ಮತ್ತು ಭೂತಬಲಿ. ಪಾಠ ಮುಗಿದ ಮೇಲೆ ಆ ಇಬ್ಬರು ಮಳೆಗಾಲವನ್ನು ಕಳೆದದ್ದು ಅಂಕಲೇಶ್ವರದಲ್ಲಿ. ಅನಂತರ ಪುಷ್ಪದಂತರು ನಡೆದದ್ದು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿಯ ಸೀಮೆಗೆ. ಭೂತಬಲಿ ಹೋದದ್ದು ದ್ರಾವಿಡ ದೇಶಕ್ಕೆ. ಹೀಗೆ ಸಿದ್ಧವಾದ ಷಟ್‌ಖಂಡಾಗಮವೂ, ಒಂಬತ್ತನೆಯ ಶತಮಾನದಲ್ಲಿ ವೀರಸೇನರು ಅದಕ್ಕೆ ಬರೆದ ಧವಲಾ ವ್ಯಾಖ್ಯಾನವೂ ಲೋಕಕ್ಕೆ ಉಳಿದು ಬಂದದ್ದು ಮೂಡಬಿದಿರೆಯ ಬಸದಿಯ ತಾಳೆಗರಿಗಳಲ್ಲಿ, ಹಳಗನ್ನಡ ಲಿಪಿಯಲ್ಲಿ. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾಯಿತು. ಗುಜರಾತಿನಲ್ಲಿ ಕಲಿತದ್ದು, ಕನ್ನಡ ನಾಡಿನಲ್ಲಿ ಕಾಪಾಡಿದ್ದು. ಇಂಥ ದಾರಿಯ ಮೇಲೆ ಮೂವತ್ತು ವರ್ಷ ರೈಲಿನಲ್ಲಿ ಓಡಾಡಿದವನಿಗೆ ಅದನ್ನು ತಿಳಿಸಲು ಅಹಮದಾಬಾದಿನಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಬೇಕಾದಳು.

ಧವಲಾದಲ್ಲಿ ಬರುವ ಇನ್ನೊಂದು ಸಂಗತಿಯನ್ನೂ ಆಕೆ ಹೇಳಿದಳು. ಧರಸೇನರು ಶಿಷ್ಯರನ್ನು ಪರೀಕ್ಷಿಸಲೆಂದು ಒಬ್ಬೊಬ್ಬರಿಗೆ ಒಂದೊಂದು ಮಂತ್ರವನ್ನು ಕೊಟ್ಟರು: ಒಂದರಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆ. ಸಾಧನೆ ಮಾಡಿದಾಗ ಕಾಣಿಸಿಕೊಂಡ ದೇವತೆಗಳ ರೂಪ ವಿಕಾರವಾಗಿತ್ತು. ದೇವತೆಗಳು ಹೀಗಿರಲಾರರೆಂದು ಶಿಷ್ಯರು ವಿಚಾರ ಮಾಡಿ, ಅಕ್ಷರದ ದೋಷವನ್ನು ತಾವೇ ತಿದ್ದಿಕೊಂಡರು. ಅಂಥವರಿಗೆ ಮಾತ್ರ ಗುರು ಪಾಠ ಹೇಳಿದರು. ಗುರು ಕೊಟ್ಟದ್ದನ್ನು ಪರೀಕ್ಷಿಸದೆ ಜಪಿಸುವವನು ಅವರಿಗೆ ಬೇಕಾಗಿರಲಿಲ್ಲ. ಧರ್ಮಾಚರಣೆ ಒಂದು, ಧರ್ಮದ ಅಧ್ಯಯನ ಇನ್ನೊಂದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಕಥೆಯನ್ನು ನಾನು ಕೇಳಿಲ್ಲ. ಅಜ್ಜಿ ಕಲಿಸುವುದು ಮೊದಲನೆಯದನ್ನು, ಅದು ಅಮೂಲ್ಯವಾದದ್ದೇ. ಎರಡನೆಯದಕ್ಕೆ ಗುರುವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಹಾಗೆ ಹುಡುಕಿಕೊಂಡು ಹೋದವರಲ್ಲಿ ನಮ್ಮ ಸಂಘದ ಬಂಧುಗಳು ಮರೆಯಬಾರದ ಒಂದು ಹೆಸರಿದೆ: ವಿಠ್ಠಲ ರಾಮಜಿ ಶಿಂದೆ. ಮಹಾರಾಷ್ಟ್ರ ಅವರನ್ನು ಮಹರ್ಷಿಯೆಂದು ಕರೆಯುತ್ತದೆ. ಅವರು ಹುಟ್ಟಿದ್ದು 1873ರಲ್ಲಿ, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ. ಆಗ ಅದು ಪಟವರ್ಧನ ಮನೆತನದ ಸಂಸ್ಥಾನ. ದರ್ಬಾರದ ಭಾಷೆ ಮರಾಠಿ, ಊರಿನ ಭಾಷೆ ಕನ್ನಡ. ಮರಾಠಾ ಕುಲದ ಬಡ ಕುಟುಂಬ, ಪಂಢರಪುರದ ವಾರಕರಿ ಪಂಥಕ್ಕೆ ನಡೆದುಕೊಂಡ ಮನೆ. 1898ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು, ಕಾನೂನಿನ ಓದು ಹಿಡಿದವರು ಪ್ರಾರ್ಥನಾ ಸಮಾಜದ ಪ್ರಭಾವಕ್ಕೆ ಒಳಗಾಗಿ ಅದನ್ನು ಕೈಬಿಟ್ಟರು. ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಮಾಡಲು ಯೂನಿಟೇರಿಯನ್ನರ ವಿದ್ಯಾರ್ಥಿವೇತನ ದೊರೆಯಿತು. ಕಾಲೇಜಿನ ದಿನಗಳಲ್ಲೇ ಬಡೋದೆಯ ದರ್ಬಾರದಿಂದ ನೆರವು ಪಡೆದಿದ್ದ ಈ ಬಡ ವಿದ್ಯಾರ್ಥಿಯ ಹಡಗಿನ ಪ್ರಯಾಣದ ಖರ್ಚನ್ನೂ ಕೊಟ್ಟವರು ಮಹಾರಾಜ ಸಯಾಜಿರಾವ್ ಗಾಯಕವಾಡರು. ದೊಡ್ಡ ಸಂಸಾರವೊಂದನ್ನು ಹಿಂದೆ ಬಿಟ್ಟು, ಇಪ್ಪತ್ತೆಂಟರ ವಯಸ್ಸಿನ ಶಿಂದೆಯವರು 1901ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದರು. ಜಮಖಂಡಿಯ ಮಗನನ್ನು ಸಮುದ್ರ ದಾಟಿಸಿದ ಹಣ ವಡೋದರೆಯದು. ಆ ಊರಿನ ಉಪ್ಪನ್ನು ಉಂಡ ನಾವು ಎಷ್ಟು ಜನ ಇದನ್ನು ನೆನೆದಿದ್ದೇವೆ?

ಆ ಕಾಲದಲ್ಲಿ ಸಮುದ್ರ ದಾಟುವುದು ಸಣ್ಣ ಮಾತಾಗಿರಲಿಲ್ಲ. 1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆಂದು ಹೊರಟ ಕಾಠಿಯಾವಾಡದ ಮೋಹನದಾಸ ಗಾಂಧಿಯವರನ್ನು ಅವರ ಜಾತಿಪಂಚರು ಬಹಿಷ್ಕರಿಸಿದ್ದರು. ನಮ್ಮ ನಾಡಿನಲ್ಲಿಯೂ ಆ ಪ್ರಶ್ನೆ ಪೂರ್ತಿಯಾಗಿ ಹಳತಾಗಿಲ್ಲ. 2008ರ ಉಡುಪಿ ಪರ್ಯಾಯದ ಸಂದರ್ಭದಲ್ಲಿ ಪುತ್ತಿಗೆ ಮಠದ ಸ್ವಾಮಿಗಳ ವಿದೇಶ ಪ್ರವಾಸವನ್ನು ಕುರಿತು ಎದ್ದ ವಿವಾದವನ್ನು ಓದುಗರು ಬಲ್ಲರು. ಗೃಹಸ್ಥರಾದ ನಾವು ಮಾತ್ರ ಈ ವಿಷಯದಲ್ಲಿ ತುಂಬ ಉದಾರಿಗಳು. ಡಾಲರಿಗಾಗಿ ದಾಟಿದ ಸಮುದ್ರಕ್ಕೆ ನಮ್ಮಲ್ಲಿ ದೋಷವಿಲ್ಲ. ಧರ್ಮವನ್ನು ತಿಳಿಯಲು ದಾಟುತ್ತೇನೆಂದರೆ ಮಾತ್ರ ನಮಗೆ ಥಟ್ಟನೆ ಅಜ್ಜಿ ನೆನಪಾಗುತ್ತಾರೆ!

ಇನ್ನು ನಮ್ಮ ಬಂಧುಗಳ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಅವುಗಳಲ್ಲಿ ಯಾವುದೂ ಹುರುಳಿಲ್ಲದ್ದೆಂದು ನಾನು ಹೇಳುವುದಿಲ್ಲ.

ಮೊದಲನೆಯದು: ಅಲ್ಲಿಗೆ ಹೋದವರು ನಮ್ಮವರಾಗಿ ಹಿಂದಿರುಗುತ್ತಾರೆಯೆ? ಮ್ಯಾಂಚೆಸ್ಟರ್ ಕಾಲೇಜು 1786ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ಥಾಪನೆಯಾಗಿ, 1889ರಲ್ಲಿ ಆಕ್ಸ್‌ಫರ್ಡಿಗೆ ಬಂದ ಸಂಸ್ಥೆ. ಆಳುವವರ ಚರ್ಚಿನ ಕಟ್ಟುಪಾಡುಗಳನ್ನು ಒಪ್ಪದವರು ಕಟ್ಟಿದ ವಿದ್ಯಾಲಯವದು. ಸತ್ಯ, ಸ್ವಾತಂತ್ರ್ಯ ಮತ್ತು ಧರ್ಮ ಈ ಮೂರಕ್ಕೆ ಅದು ಅರ್ಪಿತವಾಗಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ಎಸ್ಟ್ಲಿನ್ ಕಾರ್ಪೆಂಟರರು ಕ್ರೈಸ್ತ ವಿದ್ವಾಂಸರಾಗಿದ್ದೂ ಪಾಲಿಯ ದೀಘನಿಕಾಯವನ್ನು ಸಂಪಾದಿಸುವ ಕಾರ್ಯದಲ್ಲಿ ಪಾಲುಗೊಂಡವರು. ಶಿಂದೆಯವರು ಎರಡು ವರ್ಷ ಅಲ್ಲಿ ಓದಿದರು. ಯೂನಿಟೇರಿಯನ್ನರು ಬಡವರ ಕೇರಿಗಳಲ್ಲಿ ನಡೆಸುತ್ತಿದ್ದ ಸೇವಾಕಾರ್ಯವನ್ನು ಕಣ್ಣಾರೆ ಕಂಡರು. 1903ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಉದಾರಧರ್ಮ ಪರಿಷತ್ತಿನಲ್ಲಿ ಭಾರತದ ಪರವಾಗಿ ಪ್ರಬಂಧ ಓದಿ ಹಿಂದಿರುಗಿದರು. ಮತಾಂತರಗೊಂಡು ಬರಲಿಲ್ಲ. ಮರಳಿ ಬಂದು ಕೇಳಿದ್ದು ಒಂದೇ ಪ್ರಶ್ನೆ: ದೇವರು ಎಲ್ಲರ ತಂದೆಯೆಂದು ಹಾಡುವ ನಾವು ಮನುಷ್ಯರನ್ನು ಮುಟ್ಟದೆ ದೂರವಿಡುವುದೇಕೆ? 1906ರ ಅಕ್ಟೋಬರ್ 18ರಂದು ಮುಂಬಯಿಯ ಪರಳದಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಹುಟ್ಟಿತು. ಅಧ್ಯಕ್ಷರು ನಮ್ಮ ಹೊನ್ನಾವರದಲ್ಲಿ ಹುಟ್ಟಿದ ನ್ಯಾಯಮೂರ್ತಿ ನಾರಾಯಣ ಚಂದಾವರಕರರು. ಕಾರ್ಯಭಾರ ಹೊತ್ತವರು ಜಮಖಂಡಿಯ ಶಿಂದೆಯವರು. 1917ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನ ಅಸ್ಪೃಶ್ಯತೆಯ ವಿರುದ್ಧ ಗೊತ್ತುವಳಿ ಸ್ವೀಕರಿಸುವುದರ ಹಿಂದೆ ಅವರ ಶ್ರಮವಿತ್ತು. ಮರುವರ್ಷ ಮುಂಬಯಿಯಲ್ಲಿ ಅವರು ಕರೆದ ಅಸ್ಪೃಶ್ಯತಾ ನಿವಾರಣ ಪರಿಷತ್ತಿಗೆ ಅಧ್ಯಕ್ಷರಾಗಿ ಬಂದವರು ಅದೇ ಸಯಾಜಿರಾವ್ ಮಹಾರಾಜರು. ಕನ್ನಡ ಮತ್ತು ಮರಾಠಿಗಳ ಪರಸ್ಪರ ಸಂಬಂಧವನ್ನು ಕುರಿತೂ ಅವರು ಬರೆದರು. ಹುಟ್ಟೂರಿನ ನುಡಿಯನ್ನು ಆಕ್ಸ್‌ಫರ್ಡು ಮರೆಸಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ವಿದೇಶಕ್ಕೆ ಹೋದರೆ ಮಾತ್ರ ಕಣ್ಣು ತೆರೆಯುತ್ತದೆಂದು ಯಾರೂ ತಿಳಿಯಬಾರದು. ಮಂಗಳೂರಿನ ಕುದ್ಮುಲ್ ರಂಗರಾಯರು ಶಿಂದೆಯವರಿಗಿಂತ ಮೊದಲೇ, 1897ರಲ್ಲಿಯೇ, ಇಂಥ ಕಾರ್ಯವನ್ನು ತಮ್ಮ ಊರಿನಲ್ಲಿ ಆರಂಭಿಸಿದ್ದರು. ಅವರಿಗೆ ಆಕ್ಸ್‌ಫರ್ಡು ಬೇಕಾಗಲಿಲ್ಲ. ಕೆಲವರಿಗೆ ಅರಿವು ಮನೆಯ ಅಂಗಳದಲ್ಲಿ ಆಗುತ್ತದೆ, ಕೆಲವರಿಗೆ ದೂರ ಹೋಗಿ ಹಿಂದಿರುಗಿ ನೋಡಿದಾಗ ಆಗುತ್ತದೆ. ಎರಡನೆಯವರ ದಾರಿಯನ್ನು ಮುಚ್ಚಬಾರದೆಂಬುದಷ್ಟೆ ನನ್ನ ವಾದ.

ಎರಡನೆಯ ಆಕ್ಷೇಪ: ನಮ್ಮ ಧರ್ಮವನ್ನು ಪರದೇಶದವರಿಂದ ಕಲಿಯುವುದೆ? ಸೂರತ್ತಿನಲ್ಲಿರುವ ನಮ್ಮ ಬಂಧುಗಳಿಗೆ ಅವರ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. 1758ರಲ್ಲಿ ಆಂಕೆತಿಲ್ ದ್ಯುಪೆರೋಂ ಎಂಬ ಫ್ರೆಂಚ್ ತರುಣ ಸೂರತ್ತಿಗೆ ಬಂದ. ಪಾರಸಿಗಳ ಧರ್ಮಗ್ರಂಥಗಳನ್ನು ಅವರಿಂದಲೇ ಕಲಿಯಬೇಕೆಂಬ ಹಂಬಲದಿಂದ ಫ್ರೆಂಚ್ ಕಂಪನಿಯ ಸಾಮಾನ್ಯ ಸಿಪಾಯಿಯಾಗಿ ಹೆಸರು ಕೊಟ್ಟು ಪ್ಯಾರಿಸನ್ನು ಬಿಟ್ಟವನು. ದಸ್ತೂರ್ ದಾರಾಬ್ ಎಂಬ ಪುರೋಹಿತರ ಬಳಿ ಮೂರು ವರ್ಷ ಓದಿ, ಹಸ್ತಪ್ರತಿಗಳೊಡನೆ ಹಿಂದಿರುಗಿ, 1771ರಲ್ಲಿ ಜೆಂದ್ ಅವೆಸ್ತಾದ ಅನುವಾದವನ್ನು ಪ್ರಕಟಿಸಿದ. ಯುರೋಪಿನ ಕೆಲವು ಪಂಡಿತರು ಅದನ್ನು ನಕಲಿಯೆಂದು ಹೀಗಳೆದರು. ಅವನ ಶ್ರಮ ಸಾರ್ಥಕವೆಂದು ಒಪ್ಪಲು ದಶಕಗಳೇ ಹಿಡಿದವು. ಧರ್ಮವನ್ನು ಓದಲು ಅವರು ನಮ್ಮಲ್ಲಿಗೆ ಬಂದಾಗ ನಾವು ಅದನ್ನು ಅವಮಾನವೆಂದು ತಿಳಿಯಲಿಲ್ಲ. ನಾವು ಅಲ್ಲಿಗೆ ಹೋದರೆ ಅದು ನಮಗೆ ಅವಮಾನವಾಗುವುದು ಹೇಗೆ?

ಆದರೂ ಈ ಆಕ್ಷೇಪದಲ್ಲಿ ಒಂದು ನಿಜಾಂಶವಿದೆ. ಅಲ್ಲಿಯ ವಿದ್ಯಾಲಯಗಳು ನಮ್ಮ ಆಚರಣೆಗಳನ್ನು ತಮ್ಮ ಪರಿಭಾಷೆಯ ಅಚ್ಚಿಗೆ ಹಾಕಿ ನೋಡುವುದುಂಟು. ಆ ಅಚ್ಚನ್ನು ಪರೀಕ್ಷಿಸುವ ಶಕ್ತಿ ಇಲ್ಲದೆ ಹೋದ ವಿದ್ಯಾರ್ಥಿ ಅವರ ಕಣ್ಣನ್ನೇ ತನ್ನ ಕಣ್ಣೆಂದು ತಿಳಿದು ಬರುತ್ತಾನೆ. ಇದಕ್ಕೆ ಮದ್ದು ಹೋಗದಿರುವುದಲ್ಲ, ಸಿದ್ಧವಾಗಿ ಹೋಗುವುದು. ಈ ಹುಡುಗಿ ಪ್ರಾಕೃತ ಕಲಿತು, ಹಳಗನ್ನಡದ ನಿಘಂಟನ್ನು ಬಗಲಲ್ಲಿಟ್ಟುಕೊಂಡು ಹೊರಟವಳು. ಒಂದಕ್ಷರ ಹೆಚ್ಚೋ ಕಡಿಮೆಯೋ ಆದರೆ ಆಕೆಗೆ ತಿಳಿಯುತ್ತದೆ.

ಮೂರನೆಯದು: ಇಲ್ಲಿಯೇ ಓದಬಹುದಲ್ಲವೆ? ಓದಬಹುದು, ಓದಲೇಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ವಿಭಾಗವಿದೆ. ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾನಿಲಯ ಧರ್ಮಗಳ ಅಧ್ಯಯನಕ್ಕೆಂದೇ ವಿಭಾಗವೊಂದನ್ನು ನಡೆಸುತ್ತಿದೆ. ಹಸ್ತಪ್ರತಿಗಳಂತೂ ಅಹಮದಾಬಾದಿನ ಎಲ್.ಡಿ. ಭಾರತೀಯ ಸಂಸ್ಕೃತಿ ವಿದ್ಯಾಮಂದಿರದಲ್ಲಿ, ವಡೋದರೆಯ ಪ್ರಾಚ್ಯವಿದ್ಯಾ ಮಂದಿರದಲ್ಲಿ ರಾಶಿಯಾಗಿವೆ. ಆದರೆ ನಮ್ಮ ಬಹುತೇಕ ಕಾಲೇಜುಗಳಲ್ಲಿ ಧರ್ಮವೆಂಬ ವಿಷಯಕ್ಕೆ ಪ್ರವೇಶವೇ ಇಲ್ಲ. ತರಗತಿಯಲ್ಲಿ ಕಲಿಸದ ವಿಷಯವನ್ನು ನಮ್ಮ ಮಕ್ಕಳು ಚುನಾವಣಾ ಭಾಷಣಗಳಲ್ಲಿ, ಮೊಬೈಲಿನ ಸಂದೇಶಗಳಲ್ಲಿ ಕಲಿಯುತ್ತಿದ್ದಾರೆ. 2002ರ ದಿನಗಳನ್ನು ಗುಜರಾತಿನಲ್ಲಿ ಕಂಡ ಯಾರೇ ಆಗಲಿ, ನೆರೆಯವನ ಧರ್ಮವನ್ನು ತಿಳಿಯದಿರುವುದು ನಿರುಪದ್ರವಿ ಅಜ್ಞಾನವೆಂದು ಹೇಳಲಾರರು. ಧರ್ಮದ ಹೆಸರಿನಲ್ಲಿ ಇಷ್ಟು ಮಾತಾಡುವ ದೇಶದಲ್ಲಿ ಧರ್ಮವನ್ನು ಶಿಸ್ತಿನಿಂದ ಓದಿದವರು ಇಷ್ಟು ವಿರಳವಾಗಿರುವುದು ವಿಷಾದದ ಸಂಗತಿ.

ನಾಲ್ಕನೆಯದು, ತಂದೆ ಕೇಳಿದ ಪ್ರಶ್ನೆ: ಬಂದು ಏನು ಮಾಡುತ್ತಾಳೆ? ಇದು ಹೊಟ್ಟೆಪಾಡಿನ ಪ್ರಶ್ನೆ. ಇದನ್ನು ಲಘುವಾಗಿ ಕಾಣಬಾರದು. ಗೋವೆಯ ಸಾಂಖವಾಳದ ಧರ್ಮಾನಂದ ಕೋಸಂಬಿಯವರು 1902ರಲ್ಲಿ ಸಿಂಹಳಕ್ಕೆ ಹೋಗಿ, ಕೊಲಂಬೊದ ವಿದ್ಯೋದಯ ಪರಿವೇಣದಲ್ಲಿ ಸುಮಂಗಲ ಮಹಾಸ್ಥವಿರರ ಬಳಿ ಪಾಲಿ ಕಲಿತರು. ಹಿಂದಿರುಗಿದ ಅವರಿಗೂ ಇದೇ ಪ್ರಶ್ನೆ ಎದುರಾಯಿತು. ಆಗಲೂ ಕೈ ಹಿಡಿದವರು ಬಡೋದೆಯ ಮಹಾರಾಜರೇ: ವರ್ಷಕ್ಕೊಂದು ಪುಸ್ತಕ ಬರೆದುಕೊಡಬೇಕೆಂಬ ಕರಾರಿನ ಮೇಲೆ ತಿಂಗಳಿಗೆ 50 ರೂಪಾಯಿ ಗೊತ್ತುಮಾಡಿದರು. ಮುಂದೆ ಕೋಸಂಬಿಯವರು ಹಾರ್ವರ್ಡಿನವರೆಗೂ ಹೋದರು. ಗಾಂಧೀಜಿ 1920ರಲ್ಲಿ ಸ್ಥಾಪಿಸಿದ ಅಹಮದಾಬಾದಿನ ಗುಜರಾತ ವಿದ್ಯಾಪೀಠದಲ್ಲಿ ಅಧ್ಯಾಪಕರಾಗಿಯೂ ದುಡಿದರು. ಇಂಥ ವಿದ್ಯೆಗೆ ಸಂತೆಯಲ್ಲಿ ಬೆಲೆಯಿಲ್ಲ. ಸಮಾಜವೇ ಅದಕ್ಕೆ ಆಸರೆಯಾಗಬೇಕು. ಅಂದು ರಾಜರು ಮಾಡಿದ್ದನ್ನು ಇಂದು ಸಂಘಗಳು ಮಾಡಬೇಕು.

ಹಣ ಕೊಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯಿತೆಂದೂ ಅಲ್ಲ. 1913ರಲ್ಲಿ ಬಡೋದೆಯ ವೇತನದಿಂದಲೇ ಅಮೆರಿಕೆಗೆ ಹೋದ ಡಾ. ಅಂಬೇಡ್ಕರರು 1917ರಲ್ಲಿ ಬಡೋದೆಯ ಸೇವೆಗೆಂದು ಹಿಂದಿರುಗಿದಾಗ ಆ ನಗರದಲ್ಲಿ ಅವರಿಗೆ ತಂಗಲು ಒಂದು ಕೋಣೆ ದೊರೆಯಲಿಲ್ಲ. ಪಾರಸಿ ವಸತಿಗೃಹದಿಂದ ಅವರನ್ನು ಹೊರಗೆ ಅಟ್ಟಲಾಯಿತು. ರಾಜ ಕಳುಹಿಸಿದ, ಊರು ಒಳಗೆ ಬಿಡಲಿಲ್ಲ. ಶಿಂದೆಯವರ ಪಾಡು ಅಷ್ಟು ಕ್ರೂರವಾಗಿರಲಿಲ್ಲವಾದರೂ, ಅಸ್ಪೃಶ್ಯರ ನಡುವೆ ಬಾಳಿದ ಅವರನ್ನು ಸ್ವಜಾತಿಯವರು ದೂರವಿಟ್ಟರು. 1944ರಲ್ಲಿ ತೀರಿಕೊಂಡ ಅವರನ್ನು ಹುಟ್ಟಿದ ನಾಡಾದ ಕರ್ನಾಟಕ ಹೆಚ್ಚಾಗಿ ನೆನೆಯಲೂ ಇಲ್ಲ. ಮರಾಠಿಗರೆಂದು ನಾವು ಬಿಟ್ಟೆವು. ಆದ್ದರಿಂದ ಮಗಳು ಹಿಂದಿರುಗಿದಾಗ ಆಕೆಯ ಮಾತನ್ನು, ಅದು ಹಿತವಾಗಿರಲಿ ಬಿಡಲಿ, ಕುಳಿತು ಕೇಳುವ ಸಭೆಯೊಂದು ನಮ್ಮಲ್ಲಿದೆಯೆ ಎಂಬುದೂ ಟಿಕೇಟಿನ ಹಣದಷ್ಟೇ ಮುಖ್ಯ.

ಸೆಪ್ಟೆಂಬರಿನಲ್ಲಿ ಅಹಮದಾಬಾದಿನ ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಬ್ಯಾಂಕಿನ ಸಾಲ ಕೊನೆಗೂ ದೊರೆಯಲಿಲ್ಲ. ಅರ್ಧ ಶುಲ್ಕಕ್ಕೆ ವಿದ್ಯಾರ್ಥಿವೇತನ, ಉಳಿದದ್ದಕ್ಕೆ ತಂದೆಯ ಭವಿಷ್ಯನಿಧಿ. ತಾಯಿ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳಿಂದ ಪೆಟ್ಟಿಗೆಯ ತೂಕ ಮಿತಿ ಮೀರಿತ್ತು. ಎರಡು ಸ್ವೆಟರು ಹೊರಗೆ ಬಂದವು, ನಿಘಂಟು ಒಳಗೇ ಉಳಿಯಿತು. "ಕಾಕಾ, ಅಂಕಲೇಶ್ವರ ಮರೀಬ್ಯಾಡ್ರಿ" ಎಂದು ಹೇಳಿ ಆಕೆ ಒಳಗೆ ಹೋದಳು. ಹಿಂದಿರುಗುವ ದಾರಿಯಲ್ಲಿ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಸಾಹೇಬರ, ಒಂದ್ ಐತವಾರ ಅಂಕಲೇಶ್ವರಕ್ಕ ಹೋಗಿ ಬರೋಣೇನ್ರಿ?" ಎಂದರು. ಹೋಗಿ ಬಂದೆವು.

ನಮ್ಮ ಮೂರೂ ನಗರಗಳ ಬಂಧುಗಳ ಮುಂದೆ ಒಂದು ಸೂಚನೆಯನ್ನು ಇಡುತ್ತೇನೆ. ಗಣೇಶೋತ್ಸವದ ವಾದ್ಯಗೋಷ್ಠಿಗೆ ನಾವು ಖರ್ಚು ಮಾಡುವ ಹಣದ ಒಂದು ಭಾಗದಿಂದ ವಿಠ್ಠಲ ರಾಮಜಿ ಶಿಂದೆಯವರ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಬೇಕು. ಧರ್ಮ, ತತ್ತ್ವಶಾಸ್ತ್ರ ಅಥವಾ ಪ್ರಾಚೀನ ಭಾಷೆಗಳನ್ನು ಓದಲು ಹೊರಡುವ ಒಬ್ಬ ಕನ್ನಡ ವಿದ್ಯಾರ್ಥಿಗೆ, ಯಾವ ಜಾತಿಮತದವನೇ ಆಗಿರಲಿ, ಪ್ರಯಾಣದ ಖರ್ಚನ್ನು ಅದರಿಂದ ಕೊಡಬೇಕು. ಕರಾರು ಒಂದೇ: ಹಿಂದಿರುಗಿದ ಮೇಲೆ ಸೂರತ್, ವಡೋದರಾ, ಅಹಮದಾಬಾದುಗಳಲ್ಲಿ ಒಂದೊಂದು ಉಪನ್ಯಾಸ ಕೊಡಬೇಕು, ಕನ್ನಡದಲ್ಲಿ. ಈ ವಿಷಯವನ್ನು ಬರುವ ಸರ್ವಸಾಧಾರಣ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ಈ ಬಾರಿ ಅರ್ಜಿಯನ್ನು ಪೆಟ್ಟಿಗೆಯಲ್ಲಿಡದೆ ಅಂಚೆಗೆ ಹಾಕಿದ್ದೇನೆ.